ಹನ್ನೆರಡಾಣೆ ನೋವು: ಮನೆಗೆ ಬಂದು ನೋವು ಇಳಿಸಿದ ಒಂದು ಸೇವೆಯ ವಿಮರ್ಶೆ

ಕಳೆದ ವರ್ಷ ಆಷಾಢದ ಕೊನೆಯಿಂದ ಕಾರ್ತಿಕದವರೆಗೆ, ಹತ್ತಿರ ಹತ್ತಿರ ನಾಲ್ಕು ತಿಂಗಳು, ನನ್ನ ತಂದೆಯವರ ನೋವನ್ನು ನೋಡಿಕೊಂಡದ್ದು ಬೆಂಗಳೂರಿನ ಒಂದು ಧರ್ಮಾರ್ಥ ಸಂಸ್ಥೆಯ ಮನೆ ಆರೈಕೆ ತಂಡ. ಅದಕ್ಕೂ ಮೊದಲಿನ ಏಳು ವಾರ ನಾವು ಒಂದು ದೊಡ್ಡ ಖಾಸಗಿ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೂ ವಾರ್ಡಿಗೂ ಅಲೆದಿದ್ದೆವು. ಎರಡು ಕಡೆಯ ಅನುಭವವನ್ನೂ ಒಟ್ಟಿಗೆ ಇಟ್ಟುಕೊಂಡು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಎರಡರ ಹೆಸರನ್ನೂ ಕೊಟ್ಟಿಲ್ಲ. ಆಸ್ಪತ್ರೆಯಲ್ಲಿ ನಾವು ಕಂಡ ಧೋರಣೆ ಆ ಒಂದು ಕಟ್ಟಡಕ್ಕೆ ಸೇರಿದ್ದಲ್ಲವೆಂದು, ಇದೇ ದಾರಿಯಲ್ಲಿ ನಡೆದ ನೆಂಟರಿಷ್ಟರ ಬಾಯಿಂದ ಕೇಳಿ ಬಲ್ಲೆ. ಮನೆ ಆರೈಕೆಯವರಾದರೋ, ತಮ್ಮಲ್ಲಿರುವ ಎರಡು ವಾಹನಗಳಿಗೆ ಈಗಿನ ಮನೆಗಳೇ ಹೆಚ್ಚಾಗಿವೆ, ದಯವಿಟ್ಟು ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಹೆಸರಿಲ್ಲದಿದ್ದರೂ, ನೋವಿನ ಚಿಕಿತ್ಸೆ ಹುಡುಕುತ್ತಿರುವ ಮನೆಯವರಿಗೆ ಒಂದು ಒಳ್ಳೆಯ ಸೇವೆಯನ್ನು ಗುರುತಿಸುವುದು ಹೇಗೆಂದು ಇದರಿಂದ ತಿಳಿದರೆ ಬರೆದದ್ದಕ್ಕೆ ಸಾರ್ಥಕ.

ತಂದೆಯವರಿಗೆ ಆಗ 78 ವರ್ಷ. ಅರಕಲಗೂಡು ತಾಲ್ಲೂಕಿನ ಪ್ರಾಥಮಿಕ ಶಾಲೆಗಳಲ್ಲಿ 34 ವರ್ಷ ಪಾಠ ಹೇಳಿ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೂ ಬಲಸೊಂಟದ ಎಲುಬಿಗೂ ಹರಡಿತ್ತು. ಅವರು ನೋವನ್ನು ಬಾಯಿಬಿಟ್ಟು ಹೇಳುವ ಪೈಕಿ ಆಗಿರಲಿಲ್ಲ. ರಾತ್ರಿ ಹೊರಳಲಾಗದೆ ಮಂಚದ ಪಟ್ಟಿಯನ್ನು ಹಿಡಿದುಕೊಂಡು ಕೂತಿರುತ್ತಿದ್ದರು. ಬೆಳಿಗ್ಗೆ ಅಮ್ಮ ಕೇಳಿದರೆ "ಸುಮಾರಾಗಿದೆ" ಎನ್ನುತ್ತಿದ್ದರು. ಆ ಪಟ್ಟಿಯ ಮೇಲಿನ ವಾರ್ನಿಷ್ ಅವರ ಬಲಗೈ ಇರುತ್ತಿದ್ದ ಜಾಗದಲ್ಲಿ ಅಂಗೈಯಗಲ ಹೋಗಿದೆ. ಮಂಚ ಈಗಲೂ ಹಾಗೆಯೇ ಇದೆ.

ಆಸ್ಪತ್ರೆಯ ಬಗ್ಗೆ ಮೊದಲು ಹೇಳುತ್ತೇನೆ. ಕ್ಯಾನ್ಸರಿಗೆ ಅಲ್ಲಿ ಸಿಕ್ಕ ಚಿಕಿತ್ಸೆಯ ಬಗ್ಗೆ ನನ್ನದೇನೂ ದೂರಿಲ್ಲ. ಸ್ಕ್ಯಾನ್, ಹಾರ್ಮೋನ್ ಇಂಜೆಕ್ಷನ್, ಸೊಂಟದ ಎಲುಬಿಗೆ ಒಂದೇ ಸಲದಲ್ಲಿ ಕೊಟ್ಟ ವಿಕಿರಣ, ಇವೆಲ್ಲ ಹೊತ್ತಿಗೆ ಸರಿಯಾಗಿ ನಡೆದವು. ದೂರು ಇರುವುದು ನೋವಿನ ವಿಷಯದಲ್ಲಿ. ವಾರ್ಡಿನಲ್ಲಿ ಪ್ರತಿ ಹಾಸಿಗೆಯ ಕಾಲಬುಡದಲ್ಲೂ ಒಂದು ಚಾರ್ಟು ನೇತುಹಾಕಿರುತ್ತಿದ್ದರು. ಜ್ವರ, ನಾಡಿ, ರಕ್ತದೊತ್ತಡ, ಅದರ ಕೆಳಗೆ ನೋವಿನ ಅಂಕ: ಸೊನ್ನೆಯಿಂದ ಹತ್ತು. ಒಂದು ಸಂಜೆ ಪಾಳಿಯ ನರ್ಸ್ ಬಂದು, ನಾಡಿ ನೋಡಿ, ತಂದೆಯವರನ್ನು ಏನೂ ಕೇಳದೆ ನೋವಿನ ಕಾಲಂನಲ್ಲಿ 2 ಎಂದು ಬರೆದು ಪಕ್ಕದ ಹಾಸಿಗೆಗೆ ಹೋದರು. ತಂದೆಯವರು ಅದನ್ನು ಗಮನಿಸಿದರು. "ಹಾಜರಿ ಕೂಗದೆ ಹಾಜರಿ ಹಾಕಿದರಲ್ಲ" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು. ಜೀವಮಾನವೆಲ್ಲ ಹಾಜರಿ ಪುಸ್ತಕ ಬರೆದ ಮನುಷ್ಯನಿಗೆ ಅದು ಸಣ್ಣ ತಪ್ಪಾಗಿ ಕಂಡಿರಲಿಕ್ಕಿಲ್ಲ. ಆ 2ರ ಆಧಾರದ ಮೇಲೆಯೇ ಮರುದಿನ ರೌಂಡ್ಸಿಗೆ ಬಂದ ವೈದ್ಯರು "ನೋವು ಕಂಟ್ರೋಲಿನಲ್ಲಿದೆ" ಎಂದು ತೀರ್ಮಾನಿಸಿದರು.

ಕೊಡುತ್ತಿದ್ದದ್ದು ಪ್ಯಾರಸಿಟಮಾಲ್, ಟ್ರಮಡಾಲ್ ಮತ್ತು ಬೇಕೆನಿಸಿದರೆ ಡೈಕ್ಲೋಫೆನ್ಯಾಕ್ ಇಂಜೆಕ್ಷನ್. ಈ "ಬೇಕೆನಿಸಿದರೆ" ಎಂಬ ಮಾತಿನಲ್ಲಿಯೇ ನಮ್ಮ ಏಳು ವಾರ ಕಳೆದುಹೋಯಿತು. ನೋವು ಎದ್ದ ಮೇಲೆ ಗಂಟೆ ಒತ್ತಬೇಕು, ಯಾರಾದರೂ ಬರಬೇಕು, ಅವರು ಡ್ಯೂಟಿ ಡಾಕ್ಟರನ್ನು ಕೇಳಬೇಕು, ಹಿಂದಿನ ಡೋಸ್ ಯಾವಾಗ ಎಂದು ನೋಡಬೇಕು. ಎಷ್ಟೋ ಸಲ ಉತ್ತರ "ಇನ್ನೂ ಆರು ಗಂಟೆ ಆಗಿಲ್ಲ" ಎಂದಾಗಿರುತ್ತಿತ್ತು. ಒಂದು ರಾತ್ರಿ ನಾನು ಮೂರನೆಯ ಸಲ ನರ್ಸಿಂಗ್ ಸ್ಟೇಷನ್ನಿಗೆ ಹೋದಾಗ, ಅಲ್ಲಿದ್ದ ಹಿರಿಯ ನರ್ಸ್ ಗದರದೆ, ನಿಜವಾದ ಕಾಳಜಿಯಿಂದಲೇ ಹೀಗೆ ಹೇಳಿದರು: "ಕೇಳಿದಾಗೆಲ್ಲ ಕೊಡ್ತಾ ಹೋದ್ರೆ ಅಭ್ಯಾಸ ಆಗಿಬಿಡುತ್ತಮ್ಮ, ಆಮೇಲೆ ನಿಮಗೇ ಕಷ್ಟ." 78 ವರ್ಷದ, ಎಲುಬಿನೊಳಗೆ ಗಡ್ಡೆಯಿರುವ ಮನುಷ್ಯನಿಗೆ ಯಾವ ಅಭ್ಯಾಸ, ಯಾವ ಆಮೇಲೆ ಎಂದು ಆಗ ನನಗೆ ಕೇಳಲು ತೋಚಲಿಲ್ಲ. ಅಫೀಮಿನಿಂದ ತೆಗೆಯುವ ಬಲವಾದ ನೋವುನಿವಾರಕ ಮಾರ್ಫಿನ್ ಕೊಡಬಹುದೇ ಎಂದು ನಾನೇ ಬಾಯಿಬಿಟ್ಟು ಕೇಳಿದ ದಿನ ತಜ್ಞ ವೈದ್ಯರು ಹೇಳಿದ್ದು, "ಈಗಲೇ ಅದನ್ನು ಶುರು ಮಾಡಿದರೆ ಮುಂದೆ ಕೊಡುವುದಕ್ಕೆ ನಮ್ಮ ಹತ್ತಿರ ಏನೂ ಉಳಿಯುವುದಿಲ್ಲ." ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿ ವಿಚಾರಿಸಿದಾಗ, "ಆ ಮಾತ್ರೆ ಇಡೋದಿಲ್ಲ ಮೇಡಂ, ಲೆಕ್ಕ ಕೊಡೋ ರಗಳೆ ಜಾಸ್ತಿ" ಎಂಬ ಉತ್ತರ ಬಂತು.

ಈ ಮೂರು ಮಾತುಗಳನ್ನೂ ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ಮೂವರೂ ಕೆಟ್ಟವರಲ್ಲ. ನರ್ಸ್ ನನ್ನನ್ನು ಕೂರಿಸಿ ಕಾಫಿ ತರಿಸಿಕೊಟ್ಟವರು. ಆದರೆ ಒಬ್ಬರಲ್ಲಿದ್ದದ್ದು ಚಟದ ಭಯ, ಇನ್ನೊಬ್ಬರಲ್ಲಿದ್ದದ್ದು ಔಷಧಿ ಮುಗಿದುಹೋದೀತೆಂಬ ತಪ್ಪು ತಿಳಿವಳಿಕೆ, ಮತ್ತೊಬ್ಬರಲ್ಲಿದ್ದದ್ದು ಕಾನೂನಿನ ಅಂಜಿಕೆ. ಮೂರೂ ಸೇರಿ ನನ್ನ ತಂದೆಯವರ ರಾತ್ರಿಗಳಾದವು. ವೈದ್ಯರ ಮಾತಂತೂ ವಸ್ತುಸ್ಥಿತಿಗೆ ವಿರುದ್ಧವಾದದ್ದು. ಪ್ಯಾರಸಿಟಮಾಲಿಗೆ ದಿನಕ್ಕಿಷ್ಟೇ ಎಂಬ ಮಿತಿಯಿದೆ, ಟ್ರಮಡಾಲಿಗೂ ಇದೆ; ಮಾರ್ಫಿನ್‌ಗೆ ಅಂಥ ನಿಗದಿಯಾದ ಮೇಲ್ಮಿತಿ ಇಲ್ಲ. ನೋವು ಹೆಚ್ಚಿದಂತೆ, ರೋಗಿಯನ್ನು ಗಮನಿಸುತ್ತ, ಪ್ರಮಾಣವನ್ನು ಏರಿಸಿಕೊಂಡು ಹೋಗಬಹುದು. ಮುಂದಿನ ದಿನಕ್ಕೆಂದು ಕಟ್ಟಿಡಬೇಕಾದ ಬುತ್ತಿ ಅದಲ್ಲ.

ಕಾನೂನಿನ ಅಂಜಿಕೆಗೆ ಮಾತ್ರ ಒಂದು ಇತಿಹಾಸವಿದೆ, ಅದನ್ನು ತಿಳಿಯದೆ ಔಷಧಿ ಅಂಗಡಿಯವರನ್ನು ದೂರುವುದು ನ್ಯಾಯವಲ್ಲ. ಮಾದಕ ವಸ್ತುಗಳ ತಡೆಗೆಂದು 1985ರಲ್ಲಿ ಬಂದ ಎನ್‌ಡಿಪಿಎಸ್ ಕಾಯ್ದೆ ವೈದ್ಯಕೀಯ ಬಳಕೆಯನ್ನು ನಿಷೇಧಿಸಿರಲಿಲ್ಲ. ಆದರೆ ಶಿಕ್ಷೆಯ ಕಠಿಣತೆ, ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ, ಒಂದು ಬಾಟಲಿ ತರಿಸಲು ನಾಲ್ಕೈದು ಪರವಾನಗಿ, ಒಂದು ಸಿಗುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುವ ಪರಿಸ್ಥಿತಿ, ಇವೆಲ್ಲ ಸೇರಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಕೈಬಿಟ್ಟವು. 1985ರಿಂದ 1997ರ ಹೊತ್ತಿಗೆ ದೇಶದಲ್ಲಿ ಮಾರ್ಫಿನ್ ಬಳಕೆ ಸುಮಾರು ಶೇ. 97ರಷ್ಟು ಕುಸಿದಿತ್ತು. ಇಡೀ ಒಂದು ತಲೆಮಾರಿನ ವೈದ್ಯರು ಮತ್ತು ನರ್ಸುಗಳು ಆ ಮಾತ್ರೆಯನ್ನು ಕಣ್ಣಿನಿಂದ ನೋಡದೆಯೇ ಓದು ಮುಗಿಸಿದರು. ನೋಡದ ವಸ್ತುವಿನ ಬಗ್ಗೆ ಭಯ ಬೆಳೆಯುವುದು ಸಹಜ. ನಮ್ಮ ದೇಶವೇ ನೀಮಚ್, ಮಂದಸೌರ್, ಚಿತ್ತೋಡಗಢಗಳ ಕಡೆ ಸರ್ಕಾರದ ಲೈಸೆನ್ಸಿನ ಮೇಲೆ ಅಫೀಮು ಬೆಳೆಯುತ್ತದೆ. ನೀಮಚ್ ಮತ್ತು ಘಾಜಿಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ಅದನ್ನು ಸಂಸ್ಕರಿಸುತ್ತಾರೆ. ಹಾಗಿದ್ದೂ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗದ 2017ರ ವರದಿಯ ಪ್ರಕಾರ ಭಾರತದಲ್ಲಿ ನೋವಿಗೆ ಬೇಕಾದ, ಮಾರ್ಫಿನ್‌ನಂಥ ಓಪಿಯಾಯ್ಡ್ ಔಷಧಿಯಲ್ಲಿ ಜನರಿಗೆ ಸಿಗುತ್ತಿರುವುದು ಶೇ. 4ರಷ್ಟು ಮಾತ್ರ.

ಕಾಯ್ದೆ 2014ರಲ್ಲಿ ತಿದ್ದುಪಡಿಯಾಯಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್, ಕೊಡೀನ್, ಆಕ್ಸಿಕೊಡೋನ್, ಹೈಡ್ರೊಕೊಡೋನ್ ಎಂಬ ಆರನ್ನು ಅಗತ್ಯ ಮಾದಕ ಔಷಧಿಗಳೆಂದು ಪ್ರತ್ಯೇಕಿಸಿ, ಮಾನ್ಯತೆ ಪಡೆದ ಆಸ್ಪತ್ರೆಗಳು ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿಯ ಮೇಲೆ ಇವನ್ನು ಇಟ್ಟುಕೊಳ್ಳಬಹುದೆಂದು ದಾರಿ ಸುಗಮ ಮಾಡಿದರು. ಕಾಗದದ ಮೇಲೆ ಬಾಗಿಲು ತೆರೆದು ಹತ್ತು ವರ್ಷದ ಮೇಲಾಯಿತು. ಆದರೆ 2018ರಲ್ಲಿ ಟ್ರಮಡಾಲ್ ಕೂಡ ಇದೇ ಕಾಯ್ದೆಯ ಕೆಳಗೆ ಬಂದ ಮೇಲೆ ಬೀದಿಯ ಮೆಡಿಕಲ್ ಸ್ಟೋರಿನವರಿಗೆ ಎನ್‌ಡಿಪಿಎಸ್ ಎಂಬ ಹೆಸರೇ ಇನ್ನಷ್ಟು ದೂರವಾಯಿತೆಂದು ನನಗೆ ಅನ್ನಿಸಿದೆ. ಕಾನೂನು ಬದಲಾದಷ್ಟು ಬೇಗ ಮನಸ್ಸುಗಳು ಬದಲಾಗಿಲ್ಲ, ಮತ್ತು ರೋಗಿಗೆ ಎದುರಾಗುವುದು ಕಾಯ್ದೆಯ ಪುಸ್ತಕವಲ್ಲ, ಕೌಂಟರಿನ ಹಿಂದೆ ನಿಂತ ಮನುಷ್ಯ.

ಇನ್ನು ಮನೆ ಆರೈಕೆ ತಂಡದ ವಿಷಯ. ಅಣ್ಣನ ಸಹೋದ್ಯೋಗಿಯೊಬ್ಬರು ಹೇಳಿದ್ದರಿಂದ ನಾವು ಹೆಸರು ನೋಂದಾಯಿಸಿದೆವು. ಮೊದಲ ಭೇಟಿಗೆ ಒಂಬತ್ತು ದಿನ ಕಾಯಬೇಕಾಯಿತು, ಇದನ್ನು ಕೊರತೆಯೆಂದೇ ಬರೆಯುತ್ತೇನೆ. ನೋವಿನಲ್ಲಿರುವವರ ಒಂಬತ್ತು ದಿನ ಕ್ಯಾಲೆಂಡರಿನ ಒಂಬತ್ತು ದಿನವಲ್ಲ. ಹತ್ತನೆಯ ದಿನ ಒಬ್ಬ ವೈದ್ಯೆ, ಒಬ್ಬ ನರ್ಸ್ ಮತ್ತು ಆಪ್ತಸಲಹೆಗಾರರೊಬ್ಬರು ಬಂದರು. ಒಂದೂವರೆ ಗಂಟೆ ಕೂತರು. ಅಷ್ಟು ಹೊತ್ತಿನಲ್ಲಿ ಮೊದಲ ನಲವತ್ತು ನಿಮಿಷ ಯಾರೂ ಫೈಲು ತೆರೆಯಲಿಲ್ಲ.

ನರ್ಸ್ ಮಂಚದ ಪಕ್ಕದಲ್ಲಿ ನೆಲದ ಮೇಲೆಯೇ ಕೂತು, "ಎಲ್ಲಿ ನೋವು ಮೇಷ್ಟ್ರೇ, ಬೆರಳಿಟ್ಟು ತೋರಿಸಿ" ಎಂದರು. ತಂದೆಯವರು ಸೊಂಟ ತೋರಿಸಿದರು. "ಹೇಗಿರುತ್ತೆ, ಸೆಳೆತವೋ, ಚಳುಕೋ, ಉರಿಯೋ?" ಈ ಪ್ರಶ್ನೆಗೆ ಅವರು ಸ್ವಲ್ಪ ಎಚ್ಚರಗೊಂಡಂತೆ ಕಂಡರು. ಆಮೇಲೆ ಒಂದೊಂದಾಗಿ ಹೇಳತೊಡಗಿದರು. ಸೊಂಟದೊಳಗೆ ಕೊರೆತ, ಒನಕೆಯಲ್ಲಿ ಕುಟ್ಟಿದ ಹಾಗೆ. ನಿಂತರೆ ಹೆಚ್ಚು, ಮಲಗಿದರೆ ಕಡಿಮೆ. ತೊಡೆಯ ಹಿಂಭಾಗದಿಂದ ಹಿಮ್ಮಡಿಯವರೆಗೆ ಬೇರೆಯೇ ಒಂದು: ಉರಿ, ನಡುನಡುವೆ ಚಳುಕು, ಪಂಚೆ ತಾಗಿದರೂ ಮೆಣಸಿನಕಾಯಿ ಹಚ್ಚಿದ ಹಾಗೆ. ಬೆರಳತುದಿಗಳಲ್ಲಿ ಜೋಮು. ಏಳು ವಾರದಲ್ಲಿ ನನಗೂ ಅಮ್ಮನಿಗೂ ಗೊತ್ತಾಗದ ಸಂಗತಿಯೊಂದು ಹತ್ತು ನಿಮಿಷದಲ್ಲಿ ಗೊತ್ತಾಯಿತು: ಅವರಿಗಿದ್ದದ್ದು ಒಂದು ನೋವಲ್ಲ, ಎರಡು. ಮೊದಲನೆಯದು ಎಲುಬಿನದು, ಎರಡನೆಯದು ಅದುಮಿಹೋದ ನರದ್ದು. ಉರಿ, ಚಳುಕು, ಜೋಮು ಎಂಬ ಮಾತುಗಳು ಬಂದರೆ ಅದು ನರದ ನೋವಿನ ಸೂಚನೆ, ಅದಕ್ಕೆ ಮಾರ್ಫಿನ್ ಒಂದೇ ಸಾಲದು, ಗ್ಯಾಬಪೆಂಟಿನ್‌ನಂಥ ಬೇರೆ ಮಾತ್ರೆ ಜೊತೆಗೆ ಬೇಕು ಎಂದು ವೈದ್ಯೆ ನಮಗೆ ಬಿಡಿಸಿ ಹೇಳಿದರು. ಕನ್ನಡದಲ್ಲಿ ನೋವಿಗೆ ಇಷ್ಟು ಹೆಸರುಗಳಿವೆ, ಒಂದೊಂದೂ ಒಂದೊಂದು ಕಾರಣದ ಕಡೆಗೆ ಬೆರಳು ತೋರಿಸುತ್ತದೆ. ಕೇಳುವವರು ಕನ್ನಡದಲ್ಲಿ ಕೇಳಿದರೆ, ಮತ್ತು ಉತ್ತರ ಬರುವ ತನಕ ಕಾದರೆ, ಅರ್ಧ ರೋಗನಿರ್ಣಯ ಅಲ್ಲಿಯೇ ಆಗಿಬಿಡುತ್ತದೆ.

ಅಂಕದ ವಿಷಯವೂ ಬಂತು. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದಾಗ ತಂದೆಯವರು ಸುಮ್ಮನಾದರು. ಹತ್ತಕ್ಕೆ ಎಷ್ಟು ಎಂದರೆ ಅವರ ಮನಸ್ಸಿನಲ್ಲಿ ಅದು ಪರೀಕ್ಷೆಯ ಅಂಕ, ಹೆಚ್ಚು ಬಂದರೆ ಒಳ್ಳೆಯದು. ನರ್ಸ್ ಕ್ಷಣ ಯೋಚಿಸಿ, "ಹೋಗಲಿ, ರೂಪಾಯಿಗೆ ಎಷ್ಟಾಣೆ ನೋವು ಹೇಳಿ" ಎಂದರು. ಬಾಲ್ಯದಲ್ಲಿ ಆಣೆ ಲೆಕ್ಕ ಕಲಿತ ಮನುಷ್ಯ ತಟ್ಟನೆ, "ಕೂತಾಗ ಹನ್ನೆರಡಾಣೆ, ರಾತ್ರಿ ಹೊರಳಿದರೆ ಪೂರ್ತಿ ಹದಿನಾರಾಣೆ" ಎಂದರು. ಆ ದಿನದಿಂದ ಕೊನೆಯವರೆಗೆ ನಮ್ಮ ಮನೆಯ ನೋಟ್‌ಬುಕ್ಕಿನಲ್ಲಿ ನೋವನ್ನು ಬರೆದದ್ದು ಆಣೆಯಲ್ಲಿಯೇ. ತಂಡದವರು ತಮ್ಮ ಫೈಲಿಗೆ ಅದನ್ನು ಹತ್ತರ ಲೆಕ್ಕಕ್ಕೆ ತಿರುಗಿಸಿಕೊಳ್ಳುತ್ತಿದ್ದರು. ಆಸ್ಪತ್ರೆಯ 2 ಮತ್ತು ಈ ಹನ್ನೆರಡಾಣೆಯ ನಡುವೆ ರೋಗದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಏನೂ ಆಗಿರಲಿಲ್ಲ.

ವೈದ್ಯೆ ಔಷಧಿ ಬರೆಯುವ ಮೊದಲು ಕೇಳಿದ ಪ್ರಶ್ನೆಗಳನ್ನು ಇಲ್ಲಿ ದಾಖಲಿಸಬೇಕು, ಏಕೆಂದರೆ ಮಾರ್ಫಿನ್ ಕೊಡುವವರೆಂದರೆ ಹಿಂದೆಮುಂದೆ ನೋಡದೆ ಕೊಡುವವರು ಎಂಬ ತಪ್ಪು ಅಭಿಪ್ರಾಯ ಕೆಲವರಲ್ಲಿದೆ. ಮೂತ್ರಪಿಂಡದ ಸ್ಥಿತಿ ತಿಳಿಯಲು ಕ್ರಿಯಾಟಿನಿನ್ ವರದಿ ನೋಡಿದರು, ಅದು ಸರಿಯಿಲ್ಲದಿದ್ದರೆ ಮಾರ್ಫಿನ್ ದೇಹದಲ್ಲಿ ಉಳಿದುಕೊಳ್ಳುತ್ತದೆ. ಗೊರಕೆ, ಉಬ್ಬಸ, ನಿದ್ದೆಯ ಮಾತ್ರೆಗಳ ಬಗ್ಗೆ ವಿಚಾರಿಸಿದರು. ಕುಡಿತದ ಅಭ್ಯಾಸ ಮನೆಯಲ್ಲಿ ಯಾರಿಗಾದರೂ ಇದೆಯೇ, ಮಕ್ಕಳು ಓಡಾಡುತ್ತಾರೆಯೇ, ಮಾತ್ರೆ ಇಡಲು ಬೀಗವಿರುವ ಜಾಗ ಇದೆಯೇ ಎಂದು ಕೇಳಿದರು. ಕೊನೆಯ ಪ್ರಶ್ನೆಗೆ ಅಮ್ಮ ತಮ್ಮ ಒಡವೆಯ ಡಬ್ಬಿಯನ್ನು ತಂದು ತೋರಿಸಿದರು. ಮಾತ್ರೆ ಅದರೊಳಗೆ ಹೋಯಿತು, ಬೀಗದಕೈ ಅಮ್ಮನ ತಾಳಿಸರದ ಪಿನ್ನಿಗೆ.

ಶುರುವಾದದ್ದು 5 ಮಿ.ಗ್ರಾಂನಿಂದ, ಅಂದರೆ 10 ಮಿ.ಗ್ರಾಂ ಮಾತ್ರೆಯ ಅರ್ಧ. ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು. ರಾತ್ರಿ ಹತ್ತಕ್ಕೆ ಎರಡರಷ್ಟು, ನಡುರಾತ್ರಿ ಎಬ್ಬಿಸಬಾರದೆಂದು. ನೋವು ಇರಲಿ ಇಲ್ಲದಿರಲಿ, ಗಡಿಯಾರ ನೋಡಿಯೇ ಕೊಡಬೇಕು. ಬಾಯಿಯ ಮೂಲಕ, ಗಡಿಯಾರದ ಪ್ರಕಾರ, ಮೆಟ್ಟಿಲು ಮೆಟ್ಟಿಲಾಗಿ ಎಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿಯೇ ಹೇಳಿದ ಕ್ರಮವಿದು. ಹೊಸ ಚಿಕಿತ್ಸೆಯೇನಲ್ಲ. ಟ್ರಮಡಾಲನ್ನು ಅಂದೇ ನಿಲ್ಲಿಸಿದರು. ಮಾರ್ಫಿನ್ ಜೊತೆಗೆ ಮಲ ಸಡಿಲಿಸುವ ಮಾತ್ರೆಯನ್ನು ತಪ್ಪದೆ ಕೊಡಬೇಕೆಂದು ಮೂರು ಸಲ ಹೇಳಿದರು, ಏಕೆಂದರೆ ವಾಕರಿಕೆ, ಮಂಪರು ಮೊದಲ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತವೆ, ಮಲಬದ್ಧತೆ ಮಾತ್ರ ಔಷಧಿ ಇರುವವರೆಗೂ ಇರುತ್ತದೆ. ನಾವು ಎರಡನೆಯ ವಾರದಲ್ಲಿ ಆ ಮಾತ್ರೆಯನ್ನು ಎರಡು ದಿನ ಮರೆತು ಅದರ ಫಲವನ್ನು ಅನುಭವಿಸಿದೆವು. ಆ ಎರಡು ದಿನ ತಂದೆಯವರು ಪಟ್ಟ ಕಷ್ಟ ನಮ್ಮ ತಪ್ಪು.

ಮೂರನೆಯ ದಿನದ ಬೆಳಿಗ್ಗೆ ನೋಟ್‌ಬುಕ್ಕಿನಲ್ಲಿ ಅಮ್ಮನ ಅಕ್ಷರದಲ್ಲಿ ಹೀಗಿದೆ: "ರಾತ್ರಿ 10ರಿಂದ 5 ನಿದ್ದೆ. ಎದ್ದಾಗ ಆರಾಣೆ. ಉಪ್ಪಿಟ್ಟು ಎರಡು ಸಲ ಬಡಿಸಿಕೊಂಡರು." ಎರಡು ವಾರದಲ್ಲಿ ಪ್ರಮಾಣ 10 ಮಿ.ಗ್ರಾಂಗೆ ಏರಿತು, ಗ್ಯಾಬಪೆಂಟಿನ್ ಸೇರಿತು, ನೋವು ಮೂರು ನಾಲ್ಕಾಣೆಯಲ್ಲಿ ನಿಂತಿತು. ಗೌರಿ ಹಬ್ಬಕ್ಕೆ ಊರಿಗೆ ಹೋಗಿ ಬಂದರು, ಹಳೆಯ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಮಾತಾಡಿದರು.

ಇಷ್ಟಾಗುವ ಮೊದಲು ಮನೆಯಲ್ಲಿ ಒಂದು ಜಗಳವೇ ಆಗಿತ್ತು. ಅಣ್ಣನಿಗೆ ಮಾರ್ಫಿನ್ ಎಂದರೆ ಕೊನೆ. "ಅದನ್ನು ಕೊಟ್ಟರೆ ಉಸಿರು ನಿಲ್ಲುತ್ತಂತೆ" ಎಂದು ಅವನು ವೈದ್ಯೆಯ ಮುಂದೆಯೇ ಹೇಳಿದ. ಅವರು ಬೇಸರಿಸಿಕೊಳ್ಳಲಿಲ್ಲ, ಆ ಭಯ ನಿರಾಧಾರವೆಂದೂ ಹೇಳಲಿಲ್ಲ. ಅತಿಯಾದರೆ ಉಸಿರಾಟ ನಿಧಾನವಾಗುವುದು ನಿಜ, ಅದಕ್ಕೆಂದೇ ಕಡಿಮೆಯಿಂದ ಆರಂಭಿಸಿ ಹಂತಹಂತವಾಗಿ ಏರಿಸುವುದು, ವಿಪರೀತ ತೂಕಡಿಕೆ ಮೊದಲು ಬರುತ್ತದೆ, ಎಬ್ಬಿಸಲು ಕಷ್ಟವಾದರೆ ಮುಂದಿನ ಡೋಸ್ ಕೊಡದೆ ನಮಗೆ ಫೋನ್ ಮಾಡಿ ಎಂದರು. ಚಟದ ವಿಷಯಕ್ಕೆ ಬಂದಾಗ ಅವರು ಎರಡನ್ನು ಬೇರೆ ಮಾಡಿ ತೋರಿಸಿದರು. ದೇಹ ಔಷಧಿಗೆ ಒಗ್ಗಿಕೊಳ್ಳುವುದು ಒಂದು. ಒಮ್ಮೆಲೇ ನಿಲ್ಲಿಸಿದರೆ ಬೆವರು, ಚಡಪಡಿಕೆ ಬರುತ್ತದೆ, ಬಿಪಿಯ ಕೆಲವು ಮಾತ್ರೆಗಳನ್ನೂ ಥಟ್ಟನೆ ನಿಲ್ಲಿಸುವಂತಿಲ್ಲವಲ್ಲ, ಹಾಗೆ. ಹಾನಿಯಾಗುತ್ತಿದ್ದರೂ ಬಿಡಲಾರದೆ, ನೋವಿಲ್ಲದಿದ್ದರೂ ಅದರ ಹಿಂದೆ ಬೀಳುವುದು ಇನ್ನೊಂದು, ಚಟವೆನ್ನುವುದು ಅದಕ್ಕೆ. ಆಸ್ಪತ್ರೆಯ ನರ್ಸ್ ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರು. ಇನ್ನೊಂದು ಮಾತನ್ನೂ ವೈದ್ಯೆ ಹೇಳಿದರು: ನೋವು ಇಳಿಯದ ರೋಗಿ ಗಡಿಯಾರ ನೋಡುತ್ತ ಮತ್ತೆ ಮತ್ತೆ ಇಂಜೆಕ್ಷನ್ ಕೇಳಿದರೆ ಅದು ಚಟದಂತೆಯೇ ಕಾಣುತ್ತದೆ, ಸರಿಯಾದ ಪ್ರಮಾಣ ಸಿಕ್ಕ ಮೇಲೆ ಆ ಕೇಳಿಕೆ ತಾನಾಗಿ ನಿಲ್ಲುತ್ತದೆ. ನಮ್ಮ ತಂದೆಯವರ ವಿಷಯದಲ್ಲಿ ಅದು ಅಕ್ಷರಶಃ ಹಾಗೆಯೇ ಆಯಿತು.

ಅಮೆರಿಕದಲ್ಲಿ ನಡೆದದ್ದನ್ನು ಅಣ್ಣ ಎತ್ತಿದ, ಎತ್ತಬೇಕಾದ ವಿಷಯವೇ. ಅಲ್ಲಿ 1996ರಲ್ಲಿ ಮಾರುಕಟ್ಟೆಗೆ ಬಂದ ಆಕ್ಸಿಕಾಂಟಿನ್ ಎಂಬ ಓಪಿಯಾಯ್ಡ್ ಮಾತ್ರೆಯಿಂದ ಚಟದ ಅಪಾಯ ಬಹಳ ಕಡಿಮೆಯೆಂದು ಅದರ ಕಂಪನಿ ಪರ್ಡ್ಯೂ ಫಾರ್ಮಾದವರು ವೈದ್ಯರನ್ನು ನಂಬಿಸಿದರು. ಬೆನ್ನುನೋವು, ಮಂಡಿನೋವಿಗೂ ತಿಂಗಳುಗಟ್ಟಲೆ ಬರೆಸಿದರು. 2007ರಲ್ಲಿ ಕಂಪನಿಯ ಸಹಸಂಸ್ಥೆಯೂ 2020ರಲ್ಲಿ ಪರ್ಡ್ಯೂ ಫಾರ್ಮಾ ಕಂಪನಿಯೂ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡವು. ಅಷ್ಟರಲ್ಲಿ ಲಕ್ಷಾಂತರ ಜನ ಓಪಿಯಾಯ್ಡುಗಳಿಂದ ಸತ್ತಿದ್ದರು. ಆದರೆ ಅಲ್ಲಿನ ವಿಪರೀತ ಬಳಕೆಯ ಸುದ್ದಿ ಓದಿ ಇಲ್ಲಿನ ವಾರ್ಡಿನಲ್ಲಿ ಎಲುಬಿನ ಕ್ಯಾನ್ಸರಿನ ರೋಗಿಗೆ ಮಾರ್ಫಿನ್ ತಡೆಹಿಡಿದರೆ, ನೆರೆ ಬಂದ ಊರಿನ ಕಥೆ ಕೇಳಿ ಬರಗಾಲದ ಊರಿನಲ್ಲಿ ನೀರು ಮುಚ್ಚಿಟ್ಟ ಹಾಗೆ. ಈ ತಂಡದವರು ಎರಡು ಎಚ್ಚರಿಕೆಯನ್ನೂ ಒಟ್ಟಿಗೆ ಹಿಡಿದುಕೊಂಡಿದ್ದಾರೆ ಎಂಬುದೇ ನನ್ನ ಮಟ್ಟಿಗೆ ಅವರ ದೊಡ್ಡ ಗುಣ: ಕೊಡಲು ಹಿಂಜರಿಯುವುದಿಲ್ಲ, ಕೊಟ್ಟದ್ದರ ಲೆಕ್ಕ ಬಿಡುವುದಿಲ್ಲ. ದಿನಕ್ಕೆ ಆರರಂತೆ ಎರಡು ವಾರಕ್ಕೆ 84 ಮಾತ್ರೆ, ನಡುವೆ ನೋವೆದ್ದರೆಂದು 10. ಪ್ರತಿ ಭೇಟಿಯಲ್ಲೂ ಹಳೆಯ ಪಟ್ಟಿಗಳನ್ನು ಎಣಿಸಿ, ನೋಟ್‌ಬುಕ್ಕಿಗೆ ತಾಳೆ ನೋಡಿ, ಆಮೇಲೆಯೇ ಹೊಸದು.

ರಾತ್ರಿಯ ಫೋನಿನ ಬಗ್ಗೆ ಹೇಳದಿದ್ದರೆ ತಪ್ಪಾದೀತು. ನವರಾತ್ರಿಯ ಸಮಯದಲ್ಲಿ ಒಂದು ದಿನ ಎರಡೂವರೆಗೆ ಹದಿನಾಲ್ಕಾಣೆ ನೋವೆದ್ದಿತು. ಫೋನ್ ಮಾಡಿದೆ. ಎತ್ತಿದ ನರ್ಸ್ ನಿದ್ದೆಗಣ್ಣಿನಲ್ಲೂ ತಂದೆಯವರ ಹೆಸರು ಹೇಳುತ್ತಲೇ ಗುರುತಿಸಿ, ಎಚ್ಚರವಾಗಿ ಮಾತಾಡುತ್ತಿದ್ದಾರೆಯೇ, ಕಾಲು ಆಡಿಸುತ್ತಾರೆಯೇ, ಮೂತ್ರ ಹೋಗಿದೆಯೇ ಎಂದು ಕೇಳಿ, ಒಂದು ಸಲದ ಡೋಸನ್ನು ಹೆಚ್ಚುವರಿಯಾಗಿ ಕೊಡಲು ಹೇಳಿದರು. ಕಾಲು ಮತ್ತು ಮೂತ್ರದ ಪ್ರಶ್ನೆ ಏಕೆಂದು ಮರುದಿನ ತಿಳಿಯಿತು: ಬೆನ್ನುಹುರಿ ಅದುಮಿದ್ದರೆ ಅದು ತುರ್ತು, ಮಾತ್ರೆಯಿಂದ ಮುಚ್ಚಿಡುವಂಥದ್ದಲ್ಲ. ಮೂರೂವರೆಗೆ ಅವರೇ ಮತ್ತೆ ಫೋನ್ ಮಾಡಿದರು. ಅಷ್ಟರಲ್ಲಿ ಆರಾಣೆಗೆ ಇಳಿದಿತ್ತು.

ಕೊರತೆಗಳು ಇಲ್ಲವೆಂದಲ್ಲ. ಕಾಯಿಸಿದ ಒಂಬತ್ತು ದಿನವನ್ನು ಆಗಲೇ ಹೇಳಿದೆ. ಅವರು ಕೊಟ್ಟ ಮಾಹಿತಿ ಪತ್ರ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಕನ್ನಡವನ್ನು ಸರಾಗವಾಗಿ ಓದುವ ಅಮ್ಮನಿಗಾಗಿ ನಾನು ಅದನ್ನೆಲ್ಲ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಗೋಡೆಗೆ ಅಂಟಿಸಬೇಕಾಯಿತು. ಮಾತ್ರೆ ಕೊಡುವವರು ಮನೆಯ ಹೆಂಗಸರೇ ಆಗಿರುವಾಗ ಇದು ಸಣ್ಣ ವಿಷಯವಲ್ಲ, ಅವರಿಗೆ ಪತ್ರ ಬರೆದು ತಿಳಿಸಿದ್ದೇನೆ. ನಗರದ ಕೇಂದ್ರದಿಂದ 30 ಕಿ.ಮೀ. ಆಚೆಗೆ ಅವರು ಬರುವುದಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಎರಡು ವಾರದ ಮಾತ್ರೆಯ ಜೊತೆ ಒಂದು ಪತ್ರ ಕೊಟ್ಟಿದ್ದರು. ಊರ ಕಡೆಯ ವೈದ್ಯರೊಬ್ಬರು ಅದನ್ನು ಓದಿ, "ಈ ಮಾತ್ರೆ ನಮ್ಮ ಕಡೆ ಸಿಗೋದಿಲ್ಲ, ಮುಗಿಯೋದರೊಳಗೆ ಬೆಂಗಳೂರು ಸೇರಿಕೊಳ್ಳಿ" ಎಂದರು. ಊರಿನಲ್ಲಿಯೇ ಕಣ್ಣುಮುಚ್ಚಬೇಕೆಂಬ ತಂದೆಯವರ ಆಸೆ ಈ ಒಂದು ಕಾರಣಕ್ಕೆ ನೆರವೇರಲಿಲ್ಲ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಅವರು ಶುರುಮಾಡಿದ ನೋವು ಉಪಶಮನದ ಕೆಲಸ ಊರೂರಿನ ಸ್ವಯಂಸೇವಕರ ಕೈಗೆ ಹೋಗಿ, 2008ರಲ್ಲಿ ಕೇರಳ ಸರ್ಕಾರದ ನೀತಿಯೇ ಆಯಿತು. ಗಡಿಯಾಚೆಗೆ ಸಾಧ್ಯವಾದದ್ದು ಹಾಸನ ಜಿಲ್ಲೆಗೆ ಏಕೆ ಬರಬಾರದೆಂದು ನನಗೆ ಅರ್ಥವಾಗುವುದಿಲ್ಲ.

ಬೆಂಗಳೂರಿನಲ್ಲಿ ಹುಡುಕುತ್ತಿರುವವರಿಗೆ ಒಂದೆರಡು ಮಾತು. ಕಿದ್ವಾಯಿ ಸ್ಮಾರಕ ಸಂಸ್ಥೆ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಮಾರತಹಳ್ಳಿಯ ಕಡೆಯಿರುವ ಕರುಣಾಶ್ರಯ, 1994ರಲ್ಲಿ ಸ್ಥಾಪನೆಯಾದ ಟ್ರಸ್ಟಿನದು, ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಶುಲ್ಕವಿಲ್ಲದೆ ನೋಡಿಕೊಳ್ಳುತ್ತದೆ. ಎಲ್ಲಿಗೇ ಹೋದರೂ ಮೊದಲ ದಿನವೇ ಕೇಳಿ: ಬಾಯಿಯಿಂದ ಕೊಡುವ ಮಾರ್ಫಿನ್ ನಿಮ್ಮಲ್ಲಿ ಇದೆಯೇ, ರಾತ್ರಿ ನೋವೆದ್ದರೆ ಫೋನ್ ಎತ್ತುವವರು ಯಾರು, ನೋವಿನ ಅಂಕವನ್ನು ರೋಗಿಯನ್ನು ಕೇಳಿ ಬರೆಯುತ್ತೀರೋ ನೋಡಿ ಬರೆಯುತ್ತೀರೋ. ಈ ಕೊನೆಯ ಪ್ರಶ್ನೆಗೆ ಎದುರಿಗಿದ್ದವರ ಮುಖ ಹೇಗಾಗುತ್ತದೆಂದು ಗಮನಿಸಿ. ಮತ್ತು ವಿಕಿರಣ, ಕಿಮೋ ಎಲ್ಲ ಮುಗಿದ ಮೇಲೆ ಹೋದರಾಯಿತು ಎಂದು ಕಾಯಬೇಡಿ, ನೋವು ಶುರುವಾದ ದಿನವೇ ಹೆಸರು ಬರೆಸಿ. ನಾವು ಏಳು ವಾರ ತಡಮಾಡಿದೆವು. ವೈದ್ಯವಿದ್ಯಾರ್ಥಿಗಳು ಇದನ್ನು ಓದಿದರೆ ಅವರಿಗೂ ಒಂದು ಕೋರಿಕೆ: 2019ರಿಂದ ಜಾರಿಯಾದ ಹೊಸ ಎಂಬಿಬಿಎಸ್ ಪಠ್ಯಕ್ರಮದಲ್ಲಿ ನೋವು ಮತ್ತು ಉಪಶಮನ ಆರೈಕೆಯ ಭಾಗ ಸೇರಿದೆ, ಅದನ್ನು ಪರೀಕ್ಷೆಗೆ ಬರುವುದಿಲ್ಲವೆಂದು ಬಿಡಬೇಡಿ.

ಕೊನೆಯ ಮೂರು ದಿನ ತಂದೆಯವರಿಗೆ ನುಂಗಲಾಗುತ್ತಿರಲಿಲ್ಲ. ನರ್ಸ್ ಬಂದು, ಮಾತ್ರೆಯನ್ನು ಚಮಚದ ನೀರಿನಲ್ಲಿ ಕರಗಿಸಿ ಕೆನ್ನೆಯ ಒಳಗೆ ಹನಿಹನಿಯಾಗಿ ಬಿಡುವುದನ್ನು ಅಮ್ಮನಿಗೆ ತೋರಿಸಿಕೊಟ್ಟರು. ಉಸಿರು ನಿಂತದ್ದು ಒಂದು ಬೆಳಗಿನ ಜಾವ, ಹಿಂದಿನ ಡೋಸ್ ಕೊಟ್ಟು ಆರು ಗಂಟೆಯ ಮೇಲಾಗಿತ್ತು, ಮುಖದಲ್ಲಿ ಗಂಟಿರಲಿಲ್ಲ. ಮಾರ್ಫಿನ್ನೇ ಕೊನೆ ಎಂದಿದ್ದ ಅಣ್ಣ ಪಕ್ಕದಲ್ಲಿ ಕೂತಿದ್ದ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಅದೇ ನರ್ಸ್ ಮತ್ತೆ ಬಂದರು. ಅಮ್ಮನ ಜೊತೆ ಒಂದು ಗಂಟೆ ಕೂತರು, ಮಾತಾಡಿದ್ದು ಕಡಿಮೆ. ಹೊರಡುವ ಮೊದಲು ಉಳಿದ ಮಾತ್ರೆ ಕೇಳಿದರು. ಅಮ್ಮ ಒಡವೆಯ ಡಬ್ಬಿ ತೆರೆದು ಕೊಟ್ಟರು. ಇಬ್ಬರೂ ಒಟ್ಟಿಗೆ ಎಣಿಸಿದರು, 37. ನರ್ಸ್ ರಿಜಿಸ್ಟರಿನಲ್ಲಿ ಅದನ್ನು ಬರೆದು, ಅಮ್ಮನ ಸಹಿ ತೆಗೆದುಕೊಂಡು, ನೋಟ್‌ಬುಕ್ಕನ್ನು ಮಾತ್ರ ನಮ್ಮ ಹತ್ತಿರವೇ ಇಟ್ಟುಕೊಳ್ಳಲು ಹೇಳಿದರು.